ಜೆರಿಕೋ ಹಾದಿಯೂ ತುಮಕೂರು ರಸ್ತೆಯೂ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಕ್ರಿಸ್ತೀಯ ಪ್ರೀತಿಯನ್ನು ನಿತ್ಯಜೀವನದ ಹಾಗೂ ಸಮಾಜದ ಸಮಸ್ಯೆಗಳಿಗೆ ಅನ್ವಯಿಸುವುದು ಹೇಗೆ ಎಂಬ ವಿಷಯವನ್ನು ಸಮಿತಿಯವರು ನನಗೆ ವಹಿಸಿದ್ದಾರೆ. ಪ್ರೀತಿಯ ಮೇಲೆ ಉಪನ್ಯಾಸ ಮಾಡುವುದು ಸುಲಭ. ಕೇಳುವುದು ಅದಕ್ಕಿಂತಲೂ ಸುಲಭ. ಭಾನುವಾರದ ಪೂಜೆಯಲ್ಲಿ ಆ ಮಾತು ಕಿವಿಗೆ ಬೀಳದ ವಾರವೇ ಇಲ್ಲ. ಆದಕಾರಣ ಪ್ರೀತಿಯ ಲಕ್ಷಣಗಳನ್ನು ವರ್ಣಿಸುವ ಗೋಜಿಗೆ ಹೋಗದೆ, ಒಂದು ರಸ್ತೆಯನ್ನು ಕುರಿತು ಮಾತನಾಡಲು ಇಚ್ಛಿಸುತ್ತೇನೆ. ಆ ರಸ್ತೆ ನಿಮಗೆಲ್ಲ ಸುಪರಿಚಿತ. ಬೆಂಗಳೂರಿನಿಂದ ಹೊರಟು, ನೆಲಮಂಗಲ, ದಾಬಸ್‌ಪೇಟೆಗಳನ್ನು ಹಿಂದಿಕ್ಕಿ, ಹಿರೇಹಳ್ಳಿಯನ್ನು ಹಾದು, ಕ್ಯಾತಸಂದ್ರದ ಮೂಲಕ ತುಮಕೂರನ್ನು ಸೇರುವ ಹೆದ್ದಾರಿ ಅದು. ಬಹುಕಾಲ ಅದರ ಸಂಖ್ಯೆ 4 ಆಗಿತ್ತು, ಈಗ 48. ಸಂಖ್ಯೆ ಬದಲಾದ ಮಾತ್ರಕ್ಕೆ ರಸ್ತೆಯ ಸ್ವಭಾವ ಬದಲಾಗಲಿಲ್ಲ.

ರಸ್ತೆಗೆ ಬರುವ ಮೊದಲು ಒಂದು ಶಬ್ದವಿಚಾರ. ಕನ್ನಡದಲ್ಲಿ ಪ್ರೀತಿಗೆ ಪದಗಳ ಬಡತನವಿಲ್ಲ. ಒಲವು, ಅಕ್ಕರೆ, ನಲ್ಮೆ, ವಾತ್ಸಲ್ಯ, ಮಮತೆ ಇತ್ಯಾದಿ ಎಷ್ಟೋ ಇವೆ. ಇವುಗಳಲ್ಲಿ ಮಮತೆ ಎಂಬುದು ನಮಗೆಲ್ಲ ಬಹಳ ಪ್ರಿಯವಾದುದು. ತಾಯಿಯ ಮಾತು ಬಂದೊಡನೆ ಆ ಪದ ತಾನಾಗಿ ನಾಲಗೆಗೆ ಬರುತ್ತದೆ. ಆದರೆ ಅದರ ಮೂಲವನ್ನು ಗಮನಿಸಿರಿ. ಸಂಸ್ಕೃತದಲ್ಲಿ ‘ಮಮ’ ಎಂದರೆ ‘ನನ್ನದು’. ಮಮತೆ ಎಂದರೆ ನನ್ನದೆಂಬ ಭಾವ. ನನ್ನ ಮಗು, ನನ್ನ ಮನೆ, ನನ್ನ ಕುಲ, ನನ್ನ ಊರು ಎಂಬ ಕಾರಣದಿಂದ ಹುಟ್ಟುವ ಪ್ರೀತಿ. ಇದು ಕೆಟ್ಟದ್ದೆಂದು ಯಾರೂ ಹೇಳಲಾರರು. ಇದಿಲ್ಲದಿದ್ದರೆ ಮಕ್ಕಳು ಬದುಕುವುದೇ ದುಸ್ತರ. ಆದರೆ ಯೇಸುಸ್ವಾಮಿ ತಮ್ಮ ಶಿಷ್ಯರಿಂದ ಅಪೇಕ್ಷಿಸಿದ್ದು ಇಷ್ಟನ್ನೇ ಆಗಿದ್ದರೆ ಅವರು ಮನುಷ್ಯಾವತಾರ ತಾಳಬೇಕಾದ ಅಗತ್ಯವಿರಲಿಲ್ಲ. ಹಸುವೂ ತನ್ನ ಕರುವನ್ನು ನೆಕ್ಕುತ್ತದೆ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಅಗಾಪೆ ಎಂಬ ಪದದಿಂದ ಸೂಚಿತವಾದ ಪ್ರೀತಿ, ‘ನನ್ನದು’ ಎಂಬುದರ ಎಲ್ಲೆ ಮುಗಿದ ಜಾಗದಲ್ಲಿ ಹೆಜ್ಜೆಯಿಡುತ್ತದೆ. ಅಲ್ಲಿಂದ ಆಚೆಗೆ ಇರುವವರು ಯಾರು? ನಮಗೆ ಏನನ್ನೂ ಹಿಂತಿರುಗಿಸಲಾರದವರು, ನಮ್ಮವರಲ್ಲದವರು, ಹೆಸರು ಗೊತ್ತಿಲ್ಲದವರು.

ಇದನ್ನು ವಿವರಿಸಲು ಸ್ವಾಮಿಯವರು ತತ್ತ್ವ ಹೇಳಲಿಲ್ಲ, ಒಂದು ಕತೆ ಹೇಳಿದರು. ಸಂತ ಲೂಕರ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿರುವ ಆ ಕತೆ ನಿಮಗೆಲ್ಲ ಕಂಠಪಾಠವಾಗಿದೆ. ನಾನು ಅದನ್ನು ಪುನಃ ಓದುವುದಿಲ್ಲ. ಜೆರುಸಲೇಮಿನಿಂದ ಜೆರಿಕೋಗೆ ಇಳಿಯುವ ಹಾದಿಯಲ್ಲಿ ಒಬ್ಬನನ್ನು ಕಳ್ಳರು ಬಡಿದು ಕೆಡವಿದರು. ಯಾಜಕನೊಬ್ಬ ನೋಡಿ ಹೋದ, ಲೇವಿಯನೊಬ್ಬ ನೋಡಿ ಹೋದ, ಸಮಾರಿಯದವನೊಬ್ಬ ನೋಡಿ ನಿಂತ. ಕತೆಯ ಭಾವವನ್ನು ಹೊಗಳುವವರು ಬಹುಮಂದಿ. ಅದರಲ್ಲಿನ ಲೆಕ್ಕವನ್ನು ಎಣಿಸುವವರು ಕಡಿಮೆ. ಸಂತ ಲೂಕರು ವೈದ್ಯರೆಂಬುದು ಸಂಪ್ರದಾಯ. ಅದಕ್ಕೆ ತಕ್ಕಂತೆ ಲೆಕ್ಕವನ್ನು ಬಿಡದೆ ಬರೆದಿದ್ದಾರೆ. ಎಣ್ಣೆ ಹೋಯಿತು, ದ್ರಾಕ್ಷಾರಸ ಹೋಯಿತು, ಬಟ್ಟೆ ಹೋಯಿತು. ಸವಾರಿಯ ಪ್ರಾಣಿಯನ್ನು ಗಾಯಾಳುವಿಗೆ ಬಿಟ್ಟುಕೊಟ್ಟು ತಾನು ನಡೆಯಬೇಕಾಯಿತು. ಒಂದು ರಾತ್ರಿಯ ನಿದ್ರೆ ಹೋಯಿತು. ಬೆಳಗಾದ ಮೇಲೆ ಎರಡು ಬೆಳ್ಳಿ ನಾಣ್ಯಗಳು ಕೈಬಿಟ್ಟವು. ಒಂದು ನಾಣ್ಯವೆಂದರೆ ಕೂಲಿಯವನ ಒಂದು ದಿನದ ಕೂಲಿ. ಸಾಲದಕ್ಕೆ, ಮಿಕ್ಕ ಖರ್ಚನ್ನು ಹಿಂದಿರುಗುವಾಗ ಕೊಡುವೆನೆಂದು ಸಾಲವನ್ನೂ ಹೊತ್ತ. ಪ್ರೀತಿಗೆ ಬೆಲೆಪಟ್ಟಿ ಇರುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಕತೆಯನ್ನು ನಾನು ಓದಿಲ್ಲ.

ಈಗ ನಮ್ಮ ರಸ್ತೆಗೆ ಬರೋಣ.

2016ರ ಫೆಬ್ರವರಿ 16. ಗುಬ್ಬಿ ತಾಲ್ಲೂಕಿನ ಹರೀಶ್ ನಂಜಪ್ಪ ಎಂಬ ಇಪ್ಪತ್ತರ ಹರೆಯದ ಯುವಕ, ಪಂಚಾಯಿತಿ ಚುನಾವಣೆಯಲ್ಲಿ ಮತ ಹಾಕಲು ಊರಿಗೆ ಬಂದಿದ್ದವನು, ಬೈಕಿನಲ್ಲಿ ಬೆಂಗಳೂರಿನ ಕೆಲಸಕ್ಕೆ ಮರಳುತ್ತಿದ್ದ. ನೆಲಮಂಗಲದ ಬಳಿ ಲಾರಿಯ ಅಪಘಾತಕ್ಕೆ ಸಿಕ್ಕಿ ಅವನ ದೇಹ ಎರಡಾಯಿತು. ಅಂಥ ಸ್ಥಿತಿಯಲ್ಲಿಯೂ ಪ್ರಜ್ಞೆ ಉಳಿದಿತ್ತು. ಸುತ್ತ ನೆರೆದವರಲ್ಲಿ ಕೆಲವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರೆಂದು ಅಂದಿನ ಪತ್ರಿಕೆಗಳು ಬರೆದವು. ಆ ಯುವಕ ಬೇಡಿಕೊಂಡದ್ದು ತನ್ನ ಅಂಗಾಂಗಗಳನ್ನು ದಾನ ಮಾಡಿರೆಂದು. ಆಸ್ಪತ್ರೆ ಸೇರುವಷ್ಟರಲ್ಲಿ ಪ್ರಾಣ ಹೋಯಿತು. ಅವನ ಕಣ್ಣುಗಳನ್ನು ದಾನವಾಗಿ ಸ್ವೀಕರಿಸಲಾಯಿತು. ಗುಬ್ಬಿಯಿಂದ ಬಂದಿರುವ ನಿಮ್ಮಲ್ಲಿ ಹಲವರಿಗೆ ಈ ಸಂಗತಿ ನನಗಿಂತ ಚೆನ್ನಾಗಿ ತಿಳಿದಿರಬಹುದು. ಅವನ ತಂದೆತಾಯಿಗಳ ದುಃಖವನ್ನು ನೆನೆದು, ಈ ವಿಷಯವನ್ನು ಸಭೆಯಲ್ಲಿ ಎತ್ತುವಾಗ ಗಂಟಲು ಕಟ್ಟುತ್ತದೆ.

ಇದನ್ನು ನಾನು ದೇವಾಲಯದ ಶತಮಾನೋತ್ಸವದಲ್ಲಿ ಹೇಳುವುದಕ್ಕೆ ಕಾರಣವಿದೆ. ಯೇಸುಸ್ವಾಮಿ ತಮ್ಮ ಕತೆಯ ನಾಯಕನನ್ನಾಗಿ ಶಿಷ್ಯರಲ್ಲೊಬ್ಬನನ್ನು ಆರಿಸಲಿಲ್ಲ. ಕೇಳುಗರಾದ ಯೆಹೂದ್ಯರು ಹೊರಗಿನವನೆಂದು ದೂರವಿಟ್ಟಿದ್ದ ಸಮಾರಿಯದವನನ್ನು ಆರಿಸಿದರು. ಪ್ರಶ್ನೆ ಕೇಳಿದ ಧರ್ಮಶಾಸ್ತ್ರಿಗೆ ಕೊನೆಯಲ್ಲಿ ಆ ಹೆಸರನ್ನು ಉಚ್ಚರಿಸಲೂ ಮನಸ್ಸು ಬರಲಿಲ್ಲ. ದಯೆ ತೋರಿದವನು ಎಂದಷ್ಟೇ ಹೇಳಿ ಮಾತು ಮುಗಿಸಿದ. ನಿಃಸ್ವಾರ್ಥ ಪ್ರೀತಿಯ ಉದಾಹರಣೆ ಕೇಳಿದಾಗ ನಾವು ನಮ್ಮ ಸಂತರ ಪಟ್ಟಿಯನ್ನು ತೆರೆಯುತ್ತೇವೆ. ಸಂತರು ಬೇಕು, ಆದರೆ ಸ್ವಾಮಿಯವರ ಬೋಧನಾಕ್ರಮವನ್ನು ಅನುಸರಿಸುವುದಾದರೆ, ಈ ಸೀಮೆಯ ಉಪದೇಶಿಯು ಮಕ್ಕಳಿಗೆ ಆ ಸಾಮತಿಯನ್ನು ಹೇಳಿಕೊಡುವಾಗ ಗುಬ್ಬಿಯ ಈ ಯುವಕನ ಹೆಸರನ್ನೂ ಹೇಳಬೇಕು. ಸಮಾರಿಯದವನಾದರೂ ಗಾಯಗೊಂಡವನಿಗೆ ನೆರವಾದನು. ಇವನು ತಾನೇ ಗಾಯಗೊಂಡವನಾಗಿದ್ದು, ಎಂದೂ ಕಾಣದವರೊಬ್ಬರ ಕತ್ತಲೆಯನ್ನು ನೆನೆದನು.

ಇದೇ ರಸ್ತೆಯ ಪಕ್ಕದಲ್ಲಿ, ಕ್ಯಾತಸಂದ್ರದ ಬಳಿ, ಸಿದ್ಧಗಂಗೆಯಿದೆ. ಅಲ್ಲಿ 2019ರಲ್ಲಿ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿಮತ ಕೇಳದೆ ಸಾವಿರಾರು ಹುಡುಗರಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದರು. ದಾಸೋಹವೆಂಬ ಆ ಪದ ನಮ್ಮ ನೆರೆಯ ಪದ. ಅದನ್ನು ಕೇಳಿ ನಾವು ಅಸೂಯೆ ಪಡಬೇಕಾದುದಿಲ್ಲ, ಪೈಪೋಟಿ ನಡೆಸಬೇಕಾದುದೂ ಇಲ್ಲ, ಕಲಿಯಬೇಕಾದುದು ಬಹಳವಿದೆ.

ಈಗ ಕಷ್ಟದ ಪ್ರಶ್ನೆ. ಯಾಜಕನೂ ಲೇವಿಯನೂ ಏಕೆ ನಿಲ್ಲಲಿಲ್ಲ? ಅವರ ಹೃದಯ ಕಲ್ಲಾಗಿತ್ತೆಂದು ಹೇಳಿ ಮುಗಿಸುವುದು ನ್ಯಾಯವಲ್ಲ. ಅವರಿಗೆ ಭಯವಿದ್ದಿರಬೇಕು. ಕಳ್ಳರು ಅಲ್ಲಿಯೇ ಅವಿತಿದ್ದರೆ? ಬಿದ್ದವನು ಸತ್ತಿದ್ದರೆ, ಹೆಣ ಮುಟ್ಟಿದ ಮೈಲಿಗೆಯಾದರೆ? ತುಮಕೂರು ರಸ್ತೆಯಲ್ಲಿ ಅಪಘಾತ ಕಂಡು ಹಾದುಹೋಗುವವರಲ್ಲಿಯೂ ಹೆಚ್ಚಿನವರು ಕ್ರೂರಿಗಳಲ್ಲ. ಪೋಲೀಸರು ನನ್ನನ್ನೇ ಹಿಡಿದರೆ? ಆಸ್ಪತ್ರೆಯವರು ಮೊದಲು ಹಣ ಕಟ್ಟು ಎಂದರೆ? ಸಾಕ್ಷಿ ಹೇಳಲು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾದರೆ? ಒಂದು ದಿನದ ಕೂಲಿಯನ್ನು ನೆಚ್ಚಿಕೊಂಡವನಿಗೆ ಇವು ಸಣ್ಣ ಭಯಗಳಲ್ಲ. ಇಂಥವನ ಮುಂದೆ ನಿಂತು ಪ್ರೀತಿಸು, ಪ್ರೀತಿಸು ಎಂದು ಪ್ರಸಂಗ ಮಾಡಿದರೆ ಪ್ರಯೋಜನವೇನು? ಆ ಭಯವನ್ನು ತೆಗೆಯುವುದೂ ಪ್ರೀತಿಯ ಕೆಲಸವೇ.

ಅದು ಹೇಗೆ ನಡೆಯಿತೆಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಮಾಜದ ಸಮಸ್ಯೆಗಳಿಗೆ ಪ್ರೀತಿಯನ್ನು ಅನ್ವಯಿಸುವುದೆಂದರೆ ಏನೆಂಬುದಕ್ಕೆ ಇದೇ ಉತ್ತಮ ನಿದರ್ಶನ. 1989ರಲ್ಲಿ ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಗಾಯಾಳು ಬಂದಾಗ ಪೋಲೀಸ್ ವಿಧಿವಿಧಾನಗಳಿಗೆ ಕಾಯದೆ ಚಿಕಿತ್ಸೆ ಕೊಡುವುದು ಪ್ರತಿಯೊಬ್ಬ ವೈದ್ಯರ ಕರ್ತವ್ಯವೆಂದು ತೀರ್ಪಿತ್ತಿತು. ವೈದ್ಯರ ಬಾಗಿಲು ತೆರೆಯಿತು. ಆದರೆ ಕರೆತಂದವನ ಭಯ ಹಾಗೆಯೇ ಉಳಿಯಿತು. 2016ರ ಮಾರ್ಚ್ 30ರಂದು ಅದೇ ನ್ಯಾಯಾಲಯ, ಗಾಯಾಳುಗಳಿಗೆ ನೆರವಾಗುವವರ ರಕ್ಷಣೆಗಾಗಿ ಕೇಂದ್ರ ಸರ್ಕಾರ ರೂಪಿಸಿದ್ದ ಮಾರ್ಗಸೂಚಿಗಳಿಗೆ ಬಲ ನೀಡಿತು. ಕರ್ನಾಟಕದ ವಿಧಾನಮಂಡಲ ಈ ವಿಷಯದಲ್ಲಿ ಪ್ರತ್ಯೇಕ ಅಧಿನಿಯಮವನ್ನೇ ಮಾಡಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಇಂಥ ಕಾನೂನು ಮಾಡಿದ ರಾಜ್ಯಗಳಲ್ಲಿ ನಮ್ಮದೇ ಮೊದಲನೆಯದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 134ಎ ಪ್ರಕರಣದಲ್ಲಿ ಅದು ಇಡೀ ದೇಶದ ಕಾನೂನಾಯಿತು. ಸದುದ್ದೇಶದಿಂದ, ಪ್ರತಿಫಲ ಬಯಸದೆ ನೆರವಾದವನ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವಂತಿಲ್ಲ. ತನ್ನ ಹೆಸರು ವಿಳಾಸಗಳನ್ನು ಹೇಳಲೇಬೇಕೆಂಬ ನಿರ್ಬಂಧವೂ ಅವನಿಗಿಲ್ಲ.

ಈ ಕಾನೂನುಗಳಲ್ಲಿ ನೆರವಾಗುವವನಿಗೆ ಕೊಟ್ಟಿರುವ ಹೆಸರು ಯಾವುದು ಬಲ್ಲಿರಾ? ಗುಡ್ ಸಮಾರಿಟನ್. ಯಾಜಕರೂ ಶಾಸ್ತ್ರಿಗಳೂ ತಿರಸ್ಕರಿಸಿದ್ದ ಆ ಅನಾಮಧೇಯ ಪ್ರಯಾಣಿಕ ಎರಡು ಸಾವಿರ ವರ್ಷಗಳ ಅನಂತರ ಭಾರತದ ಕಾನೂನು ಪುಸ್ತಕದೊಳಕ್ಕೆ ಬಂದಿದ್ದಾನೆ. ಇದರಲ್ಲಿ ಕ್ರೈಸ್ತರು ಬೀಗುವುದಕ್ಕೇನೂ ಇಲ್ಲ. ಕಾನೂನಿಗಾಗಿ ಓಡಾಡಿದವರಲ್ಲಿ ಎಲ್ಲ ಮತದವರೂ ಇದ್ದರು. ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಆ ಕತೆಯನ್ನು ಇಷ್ಟು ವರ್ಷ ಓದಿದ ನಮ್ಮಲ್ಲಿ ಎಷ್ಟು ಮಂದಿಗೆ ಈ ಕಾನೂನು ಇದೆಯೆಂಬುದೇ ಗೊತ್ತು?

ಗುಬ್ಬಿಯ ಆ ಯುವಕನ ಮರಣದ ಮುಂದಿನ ತಿಂಗಳು, 2016ರ ಮಾರ್ಚಿನಲ್ಲಿ, ರಾಜ್ಯ ಸರ್ಕಾರ ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆಯನ್ನು ಆರಂಭಿಸಿತು. ಅಪಘಾತಕ್ಕೀಡಾದವರಿಗೆ ಮೊದಲ 48 ಗಂಟೆಗಳ ಕಾಲ 25,000 ರೂಪಾಯಿಗಳವರೆಗೆ ಉಚಿತ ಚಿಕಿತ್ಸೆ ಕೊಡುವುದು ಅದರ ಉದ್ದೇಶ. 2025ರಲ್ಲಿ ಕೇಂದ್ರ ಸರ್ಕಾರ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಪ್ರಕಟಿಸಿತು. ಸಮಾರಿಯದವನು ಛತ್ರದವನ ಕೈಗಿಟ್ಟ ಆ ಎರಡು ನಾಣ್ಯಗಳು ಇವೇ ಅಲ್ಲವೆ? ನೆರವಾದವನಿಗೆ ಬಹುಮಾನ ಕೊಡುವ ಯೋಜನೆಯೂ 2021ರಲ್ಲಿ ಬಂದಿತು. ಮೊದಲು 5,000 ರೂಪಾಯಿಗಳಿದ್ದುದನ್ನು ಅನಂತರ ಹೆಚ್ಚಿಸಿದರು. ಬಹುಮಾನ ಬಂದ ಮೇಲೆ ನಿಃಸ್ವಾರ್ಥ ಎಲ್ಲಿ ಉಳಿಯಿತು ಎಂದು ಕೆಲವರು ಕೇಳಬಹುದು. ನನ್ನ ಮಟ್ಟಿಗೆ, ಬಿದ್ದವನು ಬದುಕಿದರೆ ಎತ್ತಿದವನ ಮನಶ್ಶುದ್ಧಿಯನ್ನು ದೇವರ ಲೆಕ್ಕಕ್ಕೆ ಬಿಡುವುದೇ ಒಳ್ಳೆಯದು.

ಛತ್ರದ ಮಾತು ಬಂದಿತು. ಕತೆಯಲ್ಲಿ ಛತ್ರದವನನ್ನು ಯಾರೂ ಗಮನಿಸುವುದಿಲ್ಲ. ಆದರೆ ಛತ್ರವಿಲ್ಲದಿದ್ದರೆ ಸಮಾರಿಯದವನ ಪ್ರೀತಿ ಹಾದಿಯಲ್ಲಿಯೇ ಸಾಯುತ್ತಿತ್ತು. ಪ್ರೀತಿಗೆ ಸೂರು ಬೇಕು, ಹಾಸಿಗೆ ಬೇಕು, ರಾತ್ರಿ ಎಚ್ಚರವಿರುವ ಒಬ್ಬರು ಬೇಕು. ನಮ್ಮ ನಾಡಿನಲ್ಲಿ ಧರ್ಮಸಭೆ ಈ ಛತ್ರದ ಕೆಲಸವನ್ನು ಮಾಡಿದೆ ಎಂಬುದನ್ನು ಸಂಕೋಚವಿಲ್ಲದೆ ಸ್ಮರಿಸಬಹುದು. ಶ್ರೀರಂಗಪಟ್ಟಣದ ಪತನದ ತರುವಾಯ ಮೈಸೂರು ಸೀಮೆಗೆ ಬಂದ ಅಬ್ಬೆ ದ್ಯುಬುವಾ ಸ್ವಾಮಿಗಳು ಸಿಡುಬಿನ ವಿರುದ್ಧ ಲಸಿಕೆ ಹಾಕಿಸುವ ಕೆಲಸದಲ್ಲಿ ಸಾವಿರಾರು ಜನರನ್ನು ಮುಟ್ಟಿದರು. (ಮತಬೋಧನೆಯ ಫಲದ ಬಗ್ಗೆ ಅವರಿಗೇ ನಿರಾಶೆಯಿತ್ತು, ಲಸಿಕೆಯ ಫಲದ ಬಗ್ಗೆ ಯಾರಿಗೂ ಸಂದೇಹವಿರಲಿಲ್ಲ.) ಮಂಗಳೂರಿಗೆ ಬಂದ ಜರ್ಮನ್ ಮೂಲದ, ಯೇಸುಸಭೆಯ ಅಗಸ್ಟಸ್ ಮುಲ್ಲರ್ ಸ್ವಾಮಿಗಳು 1880ರಲ್ಲಿ ಕಂಕನಾಡಿಯ ಆಲದ ಮರದಡಿಯಲ್ಲಿ ಹೋಮಿಯೋಪತಿ ಔಷಧ ಕೊಡಲಾರಂಭಿಸಿದರು, 1890ರಲ್ಲಿ ಕುಷ್ಠರೋಗಿಗಳಿಗೊಂದು ಆಶ್ರಯ, 1902ರಲ್ಲಿ ಪ್ಲೇಗಿನವರಿಗೊಂದು ಆಸ್ಪತ್ರೆ ಅಲ್ಲಿ ಎದ್ದವು. ಪ್ಲೇಗೆಂದರೆ ಮನೆಯವರೇ ಮನೆಯವರನ್ನು ಬಿಟ್ಟು ಊರಾಚೆ ಗುಡಿಸಲು ಹಾಕುತ್ತಿದ್ದ ಕಾಲ. ಮಮತೆ ಸೋತ ಜಾಗದಲ್ಲಿ ಬೇರೊಂದು ಪ್ರೀತಿ ಬಾಗಿಲು ತೆರೆದ ಬಗೆಯಿದು. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು 1886ರಲ್ಲಿ ತೆರೆದ ಸಂತ ಮಾರ್ತರ ಆಸ್ಪತ್ರೆಗೆ ನಮ್ಮ ಕಡೆಯ ಎಷ್ಟು ಕುಟುಂಬಗಳು ಬಸ್ಸು, ರೈಲು ಹಿಡಿದು ಹೋಗಿವೆಯೋ ಲೆಕ್ಕವಿಲ್ಲ.

ಆದರೆ ಛತ್ರ ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯಿತೆ? ಅಮೆರಿಕದ ಮಾರ್ಟಿನ್ ಲೂಥರ್ ಕಿಂಗ್ ಅವರು 1967ರ ಒಂದು ಪ್ರಖ್ಯಾತ ಭಾಷಣದಲ್ಲಿ ಇದೇ ಕತೆಯನ್ನು ಎತ್ತಿಕೊಂಡು, ಗಾಯಾಳುಗಳನ್ನು ಎತ್ತುವುದರ ಜೊತೆಗೆ ಜೆರಿಕೋ ಹಾದಿಯನ್ನೇ ಸರಿಪಡಿಸಬೇಕೆಂಬ ಅಭಿಪ್ರಾಯ ಮುಂದಿಟ್ಟರು. 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಹೆದ್ದಾರಿಯ ಈಚೆ ಮನೆ, ಆಚೆ ಕೆಲಸ ಎಂಬ ಸ್ಥಿತಿ ಹಿರೇಹಳ್ಳಿಯಂಥ ಊರುಗಳದು. ಕೈಗಾರಿಕಾ ಪ್ರದೇಶದ ಪಾಳಿ ಮುಗಿಸಿ ಕತ್ತಲೆಯಲ್ಲಿ ರಸ್ತೆ ದಾಟುವ ಹೆಣ್ಣುಮಕ್ಕಳಿಗಾಗಿ ದೀಪ ಬೇಕೆಂದು ಪಂಚಾಯಿತಿಗೆ ಅರ್ಜಿ ಬರೆಯುವುದು, ಉತ್ತರ ಬರುವವರೆಗೆ ಪುನಃ ಪುನಃ ಬರೆಯುವುದು, ಜಪಮಾಲೆಯ ಮಣಿ ಎಣಿಸಿದಷ್ಟೇ ಪವಿತ್ರವಾದ ಕಾರ್ಯವೆಂದು ನಾನು ಹೇಳಿದರೆ ಸ್ವಾಮಿಗಳು ಬೇಸರಿಸಲಾರರೆಂದು ನಂಬಿದ್ದೇನೆ. ಆ ಕಾರ್ಖಾನೆಗಳಿಗೆ ಹೊರರಾಜ್ಯಗಳಿಂದ ಬಂದು, ನಮ್ಮ ಭಾಷೆ ತಿಳಿಯದೆ, ಒಂದೊಂದು ಕೋಣೆಯಲ್ಲಿ ಹಲವರಾಗಿ ವಾಸಿಸುವ ಹುಡುಗರಿದ್ದಾರೆ. ಅವರಲ್ಲೊಬ್ಬನಿಗೆ ಜ್ವರ ಬಂದರೆ ಬಾಗಿಲು ತಟ್ಟುವವರು ಯಾರು ಎಂಬುದನ್ನೂ ಇದರ ಜೊತೆಗೆ ಯೋಚಿಸಿರಿ.

ಇನ್ನೊಂದು ವಿಷಯ. ಇದನ್ನು ಹೇಳದೆ ಇಳಿದರೆ ನಾನೂ ಯಾಜಕನಂತೆ ಪಕ್ಕದಿಂದ ಹಾದುಹೋದಂತಾಗುತ್ತದೆ. ಕತೆಯಲ್ಲಿ ಮುಟ್ಟಿದವನ ಔದಾರ್ಯವನ್ನು ಎಲ್ಲರೂ ಕಾಣುತ್ತಾರೆ, ಮುಟ್ಟಿಸಿಕೊಂಡವನನ್ನು ಕಾಣುವುದಿಲ್ಲ. ಬಿದ್ದವನು ಯೆಹೂದ್ಯನಾಗಿದ್ದರೆ, ಪ್ರಜ್ಞೆಯಿದ್ದಿದ್ದರೆ, ಸಮಾರಿಯದವನ ಕೈಯ ಎಣ್ಣೆಯನ್ನು ಬೇಡವೆನ್ನುತ್ತಿದ್ದನೋ ಏನೋ! ರಕ್ತನಿಧಿಯಲ್ಲಿ ಗುಂಪು ಕೇಳುತ್ತಾರೆ, ಕುಲ ಕೇಳುವುದಿಲ್ಲ. ದೇವಾಲಯದಲ್ಲಿ ಒಂದೇ ಪರಮಪ್ರಸಾದವನ್ನು ಸ್ವೀಕರಿಸಿದ ನಾವು ಹೊರಗೆ ಬಂದು ಸಂಬಂಧ ಬೆಳೆಸುವಾಗ, ಊಟಕ್ಕೆ ಕರೆಯುವಾಗ ಕುಲ ಕೇಳುತ್ತೇವೆ. ಇದು ಹೊರಗಿನವರ ಆರೋಪವಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರೇ 2016ರ ಡಿಸೆಂಬರಿನಲ್ಲಿ ಪ್ರಕಟಿಸಿದ ದಲಿತ ಸಬಲೀಕರಣ ನೀತಿಯಲ್ಲಿ ಧರ್ಮಸಭೆಯೊಳಗೂ ಅಸ್ಪೃಶ್ಯತೆಯ ಆಚರಣೆ ಇದೆಯೆಂದು ಒಪ್ಪಿಕೊಂಡರು. ಸಂವಿಧಾನದ 17ನೆಯ ವಿಧಿ ಅದನ್ನು ನಿಷೇಧಿಸಿ ಎಷ್ಟೋ ಕಾಲವಾಯಿತು. ಕಾನೂನಿಗೆ ಹೆದರಿ ಬಿಟ್ಟದ್ದನ್ನು ಪ್ರೀತಿಯಿಂದ ಬಿಡಲು ನಮಗೆ ಇನ್ನೂ ಎಷ್ಟು ಶತಮಾನೋತ್ಸವಗಳು ಬೇಕು?

ಮನೆಯೊಳಗಿನ ಪ್ರೀತಿಯ ಬಗ್ಗೆ ಹೆಚ್ಚು ಹೇಳಬೇಕೆಂದಿದ್ದೆ, ಸಮಯವಿಲ್ಲ. ಒಂದು ಮಾತು ಮಾತ್ರ. ಹಾಸಿಗೆ ಹಿಡಿದ ಅತ್ತೆಯನ್ನು ಹತ್ತು ವರ್ಷ ನೋಡಿಕೊಂಡ ಸೊಸೆಯ ಹೆಸರು ಯಾವ ಸಂಚಿಕೆಯಲ್ಲಿಯೂ ಅಚ್ಚಾಗುವುದಿಲ್ಲ. ಈ ಸಂಚಿಕೆಯಲ್ಲಿ ದಾನಿಗಳ ಪಟ್ಟಿಯ ಜೊತೆಗೆ ಅಂಥವರ ಸ್ಮರಣೆಗಾಗಿ ಒಂದು ಖಾಲಿ ಪುಟವನ್ನಾದರೂ ಬಿಡಬೇಕೆಂದು ಸಂಪಾದಕರನ್ನು ಕೋರುತ್ತೇನೆ.

ಕೊನೆಯದಾಗಿ, ಕಣ್ಣಿನ ವಿಷಯ. ಕಣ್ಣು ಕೊಟ್ಟರೆ ಅಂತಿಮ ದಿನದಲ್ಲಿ ಕುರುಡರಾಗಿ ಏಳಬೇಕಾದೀತೆಂಬ ಅಳುಕು ನಮ್ಮ ಹಿರಿಯರಲ್ಲಿ ಕೆಲವರಿಗೆ ಇದೆ. ಬೂದಿಯಾದ, ಮಣ್ಣಾದ, ಸಮುದ್ರಪಾಲಾದ ದೇಹಗಳನ್ನು ಎಬ್ಬಿಸಬಲ್ಲ ದೇವರಿಗೆ ಒಂದು ಕಣ್ಣಿನ ಪೊರೆ ತೊಡಕಾಗಲಾರದು. ವಿಶ್ವಗುರು ಹನ್ನೆರಡನೆಯ ಪಿಯೂಸರು 1956ರಷ್ಟು ಹಿಂದೆಯೇ ಮೃತರ ಕಣ್ಣಿನ ಕಾರ್ನಿಯಾದ ದಾನಕ್ಕೆ ಧರ್ಮದ ಅಡ್ಡಿಯಿಲ್ಲವೆಂದು ಸ್ಪಷ್ಟಪಡಿಸಿದರು; 1995ರಲ್ಲಿ ಎರಡನೆಯ ಜಾನ್ ಪೌಲರು ಅಂಗದಾನವನ್ನು ನಿತ್ಯಜೀವನದ ವೀರಕಾರ್ಯಗಳಲ್ಲೊಂದೆಂದು ಕೊಂಡಾಡಿದರು. 2006ರಲ್ಲಿ ಡಾ. ರಾಜಕುಮಾರರ ಕಣ್ಣುಗಳು, 2021ರಲ್ಲಿ ಅವರ ಮಗ ಪುನೀತರ ಕಣ್ಣುಗಳು ದಾನವಾದದ್ದನ್ನು ನಾಡೇ ಕಂಡಿದೆ. ಮರಣಾನಂತರ ಸುಮಾರು ಆರು ಗಂಟೆಗಳೊಳಗೆ ಕಣ್ಣುಗಳನ್ನು ತೆಗೆಯಬೇಕು. ಆದುದರಿಂದ ಮನೆಯವರಿಗೆ ಮೊದಲೇ ತಿಳಿಸಿರಬೇಕು. ಅಳು ಆರಂಭವಾದ ಮೇಲೆ ಯಾರಿಗೂ ನೆನಪಾಗುವುದಿಲ್ಲ.

ಹಾಗೆಯೇ ರಸ್ತೆಯ ವಿಷಯದಲ್ಲಿ ನಮ್ಮ ಯುವಕಯುವತಿಯರು ಕಲಿಯಬೇಕಾದುದು ಬಹಳವೇನಿಲ್ಲ. 108 ಅಥವಾ 112ಕ್ಕೆ ಕರೆ ಮಾಡಿ ಸ್ಥಳವನ್ನು ಸರಿಯಾಗಿ ಹೇಳುವುದು. ರಕ್ತ ಸೋರುವ ಜಾಗವನ್ನು ಶುದ್ಧವಾದ ಬಟ್ಟೆಯಿಂದ ಬಿಡದೆ ಒತ್ತಿ ಹಿಡಿಯುವುದು. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹಾಕದಿರುವುದು. ಪ್ರೀತಿಯಿಂದಲೇ ನೀರು ಕುಡಿಸಿ ಉಸಿರು ಕಟ್ಟಿಸುವವರುಂಟು. ಕತ್ತು ಬೆನ್ನುಗಳನ್ನು ಹಿಡಿದೆಳೆಯದಿರುವುದು. ಮೊಬೈಲನ್ನು ಕರೆ ಮಾಡಲು ಮಾತ್ರ ಹೊರತೆಗೆಯುವುದು. ಇಷ್ಟನ್ನು ಒಂದು ಭಾನುವಾರದ ಮಧ್ಯಾಹ್ನದಲ್ಲಿ ಕಲಿಸಿಕೊಡಬಲ್ಲ ನರ್ಸುಗಳು ಈ ಸಭೆಯಲ್ಲಿಯೇ ಕುಳಿತಿರಬೇಕು. ಅವರಲ್ಲಿ ಒಬ್ಬರು ಮುಂದೆ ಬಂದರೆ, ಮುಂದಿನ ತಿಂಗಳ ಮೊದಲ ಭಾನುವಾರ ಪೂಜೆಯ ನಂತರ ತರಗತಿಯನ್ನು ಆರಂಭಿಸಬಹುದು. ಹೆಸರು ಬರೆಸಲು ಒಂದು ಪುಸ್ತಕವನ್ನು ದೇವಾಲಯದ ಬಾಗಿಲ ಬಳಿ ಇಡಬೇಕೆಂದು ಸ್ವಾಮಿಗಳಲ್ಲಿ ಕೇಳಿಕೊಳ್ಳುತ್ತೇನೆ.